ಸತ್ತವರಿಗೆ ಹೇಳಿದ ಮಾತು ಸೀಮೆಗೆ ಹೆಸರಾಯಿತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾಯೂ ಮೊರೇ ಹೊಳೆಯ ಮೇಲೆ ಮಂಜು ಕೂತಿದೆ. ಹೊಳೆ ಎಂಬುದು ಹೆಸರಿಗೆ ಮಾತ್ರ. ಅದು ಹರಿಯುತ್ತಿದೆಯೋ ನಿಂತಿದೆಯೋ ಎಂದು ಅಲ್ಲೇ ಹುಟ್ಟಿ ಬೆಳೆದವರೂ ಆಣೆಯಿಟ್ಟು ಹೇಳಲಾರರು. ದಂಡೆಯ ಮೇಲಿನ ಸೇಂಟ್ ಓಡೀಲ್ ಸ್ಮಶಾನದಲ್ಲಿ ಅರ್ಮಂಟೀನ್ ವಿಲ್ಟ್ಸ್ ಮೊಣಕಾಲೂರಿ ಕೂತಿದ್ದಾರೆ. ರಬ್ಬರ್ ಬೂಟು, ಗಂಡಸರ ಅಂಗಿ, ತಲೆಗೆ ಬಿಗಿದು ಸುತ್ತಿದ ವಸ್ತ್ರ. ಸಿಮೆಂಟಿನ ಒಂದು ಗೋರಿಯ ಪಕ್ಕೆಗೆ ಅಂಗೈ ಒತ್ತಿ, ಮಗುವಿನ ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚಿದ್ದಾರೆ.

ಒಳಗಿನಿಂದ ಸದ್ದು ಬರುತ್ತದೆ. ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂಥ ತಗ್ಗಿದ ಸದ್ದು. ಸಮುದ್ರದ ಉಬ್ಬರಕ್ಕೆ ನೆಲದಡಿಯ ನೀರು ಏರಿ, ಸಿಮೆಂಟಿನ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಗಾಳಿ ಜಾಗ ಹುಡುಕುವ ಸದ್ದು ಅದು. ಅರ್ಮಂಟೀನ್ ಅವರಿಗೆ ಅದು ಚೆನ್ನಾಗಿ ಗೊತ್ತು. ಆದರೂ ಅವರು ಅದನ್ನು ಹಾಗೆ ಹೇಳುವುದಿಲ್ಲ. "ಎದ್ದಿದಾರೆ" ಎನ್ನುತ್ತಾರೆ.

ಗೋರಿಯ ಮೇಲೆ ಅಡ್ಡಲಾಗಿ ಒಂದು ಅಗಲವಾದ ಬೆಲ್ಟು ಹಾದಿದೆ, ಲಾರಿಯ ಸಾಮಾನಿಗೆ ಬಿಗಿಯುತ್ತಾರಲ್ಲ ಅಂಥದ್ದು. ಎರಡೂ ತುದಿ ನೆಲಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ ಸಿಕ್ಕಿಸಿದೆ. ಅವರು ಹಿಡಿಯನ್ನು ಎಳೆಯುತ್ತಾರೆ. ಕಟ, ಕಟ, ಕಟ. ಬಿಗಿಯಾದ ಮೇಲೆ ಬೆಲ್ಟಿನ ಮೇಲೊಮ್ಮೆ ತಟ್ಟಿ, ಪಕ್ಕದಲ್ಲಿ ಕೂತವರಿಗಷ್ಟೇ ಕೇಳುವಂತೆ ಹೇಳುತ್ತಾರೆ: "ಕಟ್ಟಿದೀನಿ. ಇಲ್ಲೇ ಇರು."

ಅದೇ ಹೊತ್ತಿಗೆ ಬೇಲಿಯಾಚೆಯ ರಸ್ತೆಯಲ್ಲಿ ಒಂದು ಕಾರು ಬರುತ್ತದೆ. ಸೀಗಡಿ ಕಾರ್ಖಾನೆಯ ಬೆಳಗಿನ ಪಾಳಿಗೆ ಹೊರಟ ಯಾರೋ. ಗಾಜು ಇಳಿಸಿದ್ದಾರೆ. ಒಳಗಿನಿಂದ ಮರಕ್ಕೆ ಮರ ಬಡಿದಂಥ ಒಂದು ತಾಳ, ಅದರ ಮೇಲೆ ಒಬ್ಬ ಹೆಂಗಸಿನ ದನಿ. "ಕಟ್ಟಿದೀನಿ. ಇಲ್ಲೇ ಇರು. ಕಟ್ಟಿದೀನಿ. ಇಲ್ಲೇ ಇರು." ದನಿ ಅರ್ಮಂಟೀನ್ ಅವರದೇ, ಈಗಿನದಲ್ಲ, ಅವರ ತಲೆ ಇನ್ನೂ ಕಪ್ಪಾಗಿದ್ದ ಕಾಲದ್ದು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅದು ಅದನ್ನೇ ಹೇಳುತ್ತ ಹೋಗುತ್ತದೆ. ಅವರು ತಲೆ ಎತ್ತುವುದಿಲ್ಲ. ಮೊಣಕಾಲಿಗೆ ಮೆತ್ತಿದ ಕೆಸರು ಒರೆಸಿಕೊಂಡು ಮುಂದಿನ ಗೋರಿಗೆ ಹೋಗುತ್ತಾರೆ.

ಲೂಸಿಯಾನದ ದಕ್ಷಿಣಕ್ಕೆ, ನೆಲ ಮುಗಿದು ಜೌಗು ಶುರುವಾಗುವ ಈ ಸೀಮೆಗೆ ಸರಕಾರದ ನಕ್ಷೆಯಲ್ಲಿರುವ ಹೆಸರು ಸೇಂಟ್ ಓಡೀಲ್. ಹಿಪ್ ಹಾಪ್ ಕೇಳುವವರಿಗೆ ಆ ಹೆಸರಿನ ಗೊಡವೆಯಿಲ್ಲ. ಅವರ ಬಾಯಲ್ಲಿ ಇದು 'ಟೈಡೌನ್'. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಟ್ಟುಸೀಮೆ. ಎಲ್ಲಿಯವನೋ ನೀನು ಎಂದು ಹೊರಗಿನವರು ಕೇಳಿದರೆ ಇಲ್ಲಿಯ ಹುಡುಗರು ಎದೆ ತಟ್ಟಿಕೊಂಡು ಅದನ್ನೇ ಹೇಳುತ್ತಾರೆ. ಟೋಪಿಯ ಮೇಲೆ ಅದು, ಕಾರಿನ ಹಿಂದಿನ ಗಾಜಿನ ಮೇಲೆ ಅದು, ಕತ್ತಿನ ಹಚ್ಚೆಯಲ್ಲಿ ಅದು.

ಹೆಸರು ಬಂದದ್ದು ಹೇಗೆ ಎಂದರೆ ಬಾಯಿಗೊಂದು ಕಥೆ. ಜೈಲಿನ ಬಸ್ಸಿನಲ್ಲಿ ಕೈಕಾಲಿಗೆ ಸರಪಳಿ ಬಿಗಿದು ಕೂರಿಸುತ್ತಾರಲ್ಲ, ಅದರಿಂದ ಬಂತು ಎನ್ನುವವರಿದ್ದಾರೆ. ಸೂಜಿ ಚುಚ್ಚಿಕೊಳ್ಳುವವರು ತೋಳಿಗೆ ಪಟ್ಟಿ ಕಟ್ಟುವುದರಿಂದ ಎಂದು ದನಿ ತಗ್ಗಿಸಿ ಹೇಳುವವರಿದ್ದಾರೆ. ಗಾಳಿ ಎದ್ದಾಗ ದೋಣಿ ಕಟ್ಟಿಹಾಕುವುದರಿಂದ ಎಂಬುದು ಮೀನುಗಾರರ ವಾದ. ಕ್ಷೌರದಂಗಡಿಯಲ್ಲಿ ಇದೇ ವಿಷಯಕ್ಕೆ ಜಗಳ ಬಿದ್ದು, ಒಬ್ಬನನ್ನು ಅರ್ಧ ಗಡ್ಡದಲ್ಲೇ ಎಬ್ಬಿಸಿ ಕಳಿಸಿದ್ದೂ ಉಂಟು. ಸ್ಮಶಾನಕ್ಕೆ ಬಂದು ಕೇಳಿದವರು ಮಾತ್ರ ಯಾರೂ ಇಲ್ಲ.

"ಕೇಳಿದ್ರೂ ನಾನು ಹೇಳ್ತಿರಲಿಲ್ಲ ಬಿಡಿ," ಎನ್ನುತ್ತಾರೆ ಅರ್ಮಂಟೀನ್. "ಅದು ಊರ ತುಂಬ ಹೇಳ್ಕೊಂಡು ತಿರುಗೋ ಮಾತಲ್ಲ. ಸತ್ತೋರ ಹತ್ರ ಆಡೋ ಮಾತು. ಈಗ ಹೇಳಬಹುದು. ಇಲ್ಲಿ ಮಲಗಿದ್ದ ವರ್ನಾ ಹೊರಟುಹೋದಳಲ್ಲ."

ಊರಿನವರಿಗೆ ಅವರು ಮಿಸ್ ಟೀನ್. ಹುಡುಗಿಯಾಗಿದ್ದಾಗಿನಿಂದ ಸೀಗಡಿ ಸುಲಿದವರು. ಉಪ್ಪುನೀರಿಗೆ ಬಿರಿದ ಬೆರಳು ಇಂದಿಗೂ ಹಾಗೇ ಇವೆ. ಸ್ಮಶಾನದ ಕೆಲಸ ಅವರ ಗಂಡ ಅಲ್ಸೀ ಅವರದಾಗಿತ್ತು. ಅಲ್ಸೀ ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಎದೆ ಹಿಡಿದುಕೊಂಡು ಹಾಗೇ ಒರಗಿದರು. ಬೇರೆ ಆಳು ಸಿಗುವ ತನಕ ನೀವೇ ನೋಡಿಕೊಳ್ಳಿ ಎಂದರು ಪಾದ್ರಿ. "ಇವತ್ತಿಗೂ ಹುಡುಕ್ತಾ ಇದಾರೇಂತ ಕಾಣುತ್ತೆ," ಎಂದು ಅರ್ಮಂಟೀನ್ ತುಟಿ ಕೊಂಕಿಸುತ್ತಾರೆ. ಈಗ ಹೊಳೆಗುಂಟ ಇರುವ ಐದು ಸ್ಮಶಾನಗಳ ಗೋರಿಗಳೂ ಅವರ ಪಾಲಿಗೇ ಬಂದಿವೆ.

ಇಲ್ಲಿ ಮೊಣಕೈ ಉದ್ದ ಅಗೆದರೆ ನೀರು. ಅದಕ್ಕೇ ಸತ್ತವರನ್ನು ಸಿಮೆಂಟಿನ ಪೆಟ್ಟಿಗೆಯಲ್ಲಿಟ್ಟು, ಅರ್ಧ ನೆಲದೊಳಗೆ ಅರ್ಧ ಮೇಲೆ ಕೂರಿಸುತ್ತಾರೆ. ಬಿರುಗಾಳಿಯ ಜೊತೆ ಸಮುದ್ರ ಒಳಗೆ ನುಗ್ಗಿದರೆ ಪೆಟ್ಟಿಗೆಗಳು ದೋಣಿಯ ಹಾಗೆ ಏಳುತ್ತವೆ. ಕೆಲವದರ ಮುಚ್ಚಳ ಕಳಚಿ ಒಳಗಿನ ಶವಪೆಟ್ಟಿಗೆ ತೇಲಿ ಹೋಗುತ್ತದೆ. ಹಾಗೆ ಹೋದವರನ್ನು ಹುಡುಕಿ, ಯಾರೆಂದು ಗುರುತು ಹಿಡಿದು, ತಂದು ಮತ್ತೆ ಮಲಗಿಸುವುದು, ಮುಂದಿನ ಸಲ ಹೋಗದಂತೆ ಕಟ್ಟುವುದು ಅವರ ಕೆಲಸ.

ಮೊದಲು ಕಟ್ಟಿದ್ದು ಗಂಡನನ್ನೇ. ಆಗ ಬೆಲ್ಟೂ ಇರಲಿಲ್ಲ, ದೋಣಿಯ ಹಗ್ಗ. "ಬದುಕಿದ್ದಾಗ ಕೂತ ಕಡೆ ಕೂತ ಮನುಷ್ಯ ಅಲ್ಲ ಅವರು. ಸಂಜೆ ಆದ್ರೆ ಇಸ್ಪೀಟು, ಇಲ್ಲಾಂದ್ರೆ ಇನ್ಯಾರದೋ ಮನೆ ಜಗುಲಿ. ಗಂಟು ಹಾಕಿದ ಮೇಲೆ ಬಾಯಿಗೆ ಬಂದುಬಿಡ್ತು. ಕಟ್ಟಿದೀನಿ, ಇಲ್ಲೇ ಇರು ಅಂತ. ನಗೂನೂ ಬಂತು, ಅಳೂನೂ ಬಂತು. ಆಮೇಲೆ ಪಕ್ಕದೋರಿಗೆ ಹೇಳದೆ ಹೋದ್ರೆ ಬೇಜಾರು ಮಾಡ್ಕೊಂಡಾರು ಅಂತ ಎಲ್ಲಾರಿಗೂ ಹೇಳೋದು ರೂಢಿ ಆಯ್ತು."

ಅದಾದ ಮೇಲೆ ಬಂದದ್ದು ಆ ಬಿರುಗಾಳಿ. ಎಲ್ಲ ಬಿರುಗಾಳಿಗೂ ಹೆಸರಿರುತ್ತದೆ, ಇದಕ್ಕೂ ಇತ್ತು. ಆದರೆ ಈ ಊರಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವವರಿಲ್ಲ. "ಅವಳು" ಎನ್ನುತ್ತಾರೆ. ಅವಳು ಬಂದ ವರ್ಷ, ಅವಳು ಒಯ್ದ ಮನೆ. ನೀರು ಇಳಿದ ಮೇಲೆ ಅರ್ಮಂಟೀನ್ ತಮ್ಮನಾದ ಕ್ಲೋವಿಸ್‌ರ ಚಪ್ಪಟೆ ದೋಣಿಯಲ್ಲಿ ಸ್ಮಶಾನಕ್ಕೆ ಬಂದು ನೋಡಿದರೆ ಅರ್ಧಕ್ಕರ್ಧ ಬಯಲು ಖಾಲಿ. ಹಗ್ಗ ಕಟ್ಟಿದ್ದವು ಉಳಿದಿದ್ದವು. ಹೊಸ ಗೋರಿಗಳನ್ನು ಕಟ್ಟಲು ಇನ್ನೂ ಆಗಿರಲಿಲ್ಲ, ಅವು ಒಂದೂ ಇರಲಿಲ್ಲ.

ಹೋದವರಲ್ಲಿ ವರ್ನಾ ಪ್ರಾಸ್ಪರ್ ಒಬ್ಬರು. ಚರ್ಚಿನಲ್ಲಿ ಬಂದವರನ್ನು ಸಾಲಾಗಿ ಕೂರಿಸುವ ಕೆಲಸ ಮಾಡುತ್ತಿದ್ದ ಹೆಂಗಸು. ಭಾನುವಾರ ಕೈಗೆ ಬಿಳಿ ಗವುಸು ಹಾಕಿಕೊಂಡು ನಿಂತರೆ ಪಾದ್ರಿಯೂ ಅವರ ಮುಖ ನೋಡಿಯೇ ಪ್ರಾರ್ಥನೆ ಶುರುಮಾಡಬೇಕು, ಅಂಥ ಗತ್ತು. ಬಿರುಗಾಳಿಗೆ ಸ್ವಲ್ಪ ಮುಂಚೆ ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಅವರ ಒಬ್ಬನೇ ಮಗ ಆರ್ಡೆಲ್. ಗೆಳೆಯರು ಪ್ರಾಸ್ ಎಂದು ಕರೆಯುತ್ತಿದ್ದರು. ಹಗಲು ಕಾರು ತೊಳೆಯುವುದು, ಉಳಿದ ಹೊತ್ತು ಅಂಗೈಯಗಲದ ಒಂದು ಟೇಪ್ ರೆಕಾರ್ಡರ್ ಹಿಡಿದುಕೊಂಡು ಕಪ್ಪೆ, ಎಂಜಿನ್ನು, ಕಾರ್ಖಾನೆಯಲ್ಲಿ ಸೀಗಡಿ ಸಾಗಿಸುವ ಪಟ್ಟಿ ಹೀಗೆ ಸಿಕ್ಕ ಸದ್ದನ್ನೆಲ್ಲ ಹಿಡಿಯುವುದು. ಅದರ ಮೇಲೆ ಹಾಡು ಕಟ್ಟುವುದು. ಅಮ್ಮನನ್ನು ಹುಡುಕಲು ನಾನೂ ಬರುತ್ತೇನೆ ಎಂದು ಅವನು ಬಂದು ದೋಣಿಯಲ್ಲಿ ಕೂತ. ಅರ್ಮಂಟೀನ್ ಸರಿದು ಜಾಗ ಮಾಡಿಕೊಟ್ಟರು.

ಆ ಹುಡುಕಾಟದ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲ. ಮರದ ಕವಲಿನಲ್ಲಿ ಒಂದು ಪೆಟ್ಟಿಗೆ ಕೂತಿತ್ತು. ಹೆದ್ದಾರಿಯ ಅಂಚಿನಲ್ಲಿ ಮೂರು, ಬಸ್ಸಿಗೆ ಕಾಯುವವರಂತೆ. ಸತ್ತ ದನಗಳ ನಡುವೆ ಒಂದು, ಮುಚ್ಚಳ ತೆರೆದು. ಇಡೀ ಜೌಗಿನಲ್ಲಿ ಒಂದು ಹಕ್ಕಿಯ ಸದ್ದಿಲ್ಲ. ಸುಮಾರು ದಿನ ಹೀಗೇ ಸುತ್ತಿದರು. ಸಿಕ್ಕವರನ್ನೆಲ್ಲ ತಂದರು, ವರ್ನಾ ಮಾತ್ರ ಸಿಗಲಿಲ್ಲ.

ಆಮೇಲೊಂದು ದಿನ, ಬಿಸಿಲು ನೆತ್ತಿಗೇರಿದ ಹೊತ್ತು, ಕಡಿದ ಸೈಪ್ರಸ್ ಮರದ ಬೊಡ್ಡೆಗಳಿರುವ ಒಂದು ಮೂಲೆಯಲ್ಲಿ ಕ್ಲೋವಿಸ್ ಎಂಜಿನ್ ನಿಲ್ಲಿಸಿದರು. ಯಾಕೆ ಎಂದು ಅಕ್ಕ ಕೇಳುವಷ್ಟರಲ್ಲಿ ಅವರಿಗೂ ಕೇಳಿತು. ಟಕ್. ಆಮೇಲೆ, ಟಕ್ ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಮತ್ತೆ, ಟಕ್ ಟಕ್. ಯಾರೋ ಬಾಗಿಲು ಬಡಿಯುತ್ತಿದ್ದಾರೆ, ಆತುರವಿಲ್ಲದೆ, ತೆಗೆಯುತ್ತಾರೆ ಎಂಬ ನಂಬಿಕೆಯಿಂದ.

"ಗಾಳಿ ಇರಲಿಲ್ಲ," ಎನ್ನುತ್ತಾರೆ ಅರ್ಮಂಟೀನ್. "ನೀರಲ್ಲಿ ಒಂದು ಸುಕ್ಕು ಇರಲಿಲ್ಲ. ನನ್ನ ಮುಖ ಕಾಣ್ತಿತ್ತು ನೀರಲ್ಲಿ. ಅದು ಮಾತ್ರ ಬಡೀತಾನೇ ಇತ್ತು."

ಬೊಡ್ಡೆಗಳ ನಡುವೆ ಬೂದುಬಣ್ಣದ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ದೋಣಿ ಹತ್ತಿರ ಹೋಗುತ್ತಲೂ ಬಡಿತ ನಿಂತಿತು. ಮುಚ್ಚಳ ಗೇಣಗಲ ಸರಿದಿತ್ತು. ಒಳಗೆ ಒಂದು ಕೈಗೆ ಬಿಳಿ ಗವುಸು, ಇನ್ನೊಂದು ಕೈ ಬರಿದು. ಪ್ರಾಸ್ ತನ್ನ ಜೇಬಿನಿಂದ ಜೊತೆಯ ಗವುಸನ್ನು ತೆಗೆದ. ಮಣ್ಣು ಮಾಡುವ ದಿನ ನೆನಪಿಗೆಂದು ಅದೊಂದನ್ನು ಇಟ್ಟುಕೊಂಡಿದ್ದನಂತೆ. ಅವನು ಅಳಲಿಲ್ಲ. ಗವುಸನ್ನು ಒಳಗಿಟ್ಟು, ಮುಚ್ಚಳ ಸರಿಮಾಡಿ, ಅದರ ಮೇಲೆ ಕೈಯಿಟ್ಟುಕೊಂಡೇ ಸ್ಮಶಾನದವರೆಗೂ ಬಂದ. ಸಿಮೆಂಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಆ ವರ್ಷವೇ ಹೊಸದಾಗಿ ಬಂದಿದ್ದ ಬೆಲ್ಟು ಬಿಗಿದು ಅರ್ಮಂಟೀನ್ ತಮ್ಮ ಮಾತು ಹೇಳಿದರು. ಅವನ ಅಂಗಿಯ ಜೇಬಿನಲ್ಲಿ ಸಣ್ಣ ಕೆಂಪು ದೀಪವೊಂದು ಉರಿಯುತ್ತಿದ್ದುದನ್ನು ಕಂಡರು. ಸಿಗರೇಟಿನ ಕಿಡಿ ಇರಬೇಕು, ಅಂಗಿ ಸುಟ್ಟುಕೊಂಡಾನು ಹುಡುಗ ಎಂದುಕೊಂಡರು, ಅಷ್ಟೇ.

ಮರುವರ್ಷ ನೆಂಟರ ಒಂದು ಮದುವೆ. ಊಟ ಆಗಿತ್ತು. ಸೀಗಡಿ, ಬೆಂಡೆಕಾಯಿ ಹಾಕಿ ಕುದಿಸಿದ ಗಂಬೋ ಹೊಟ್ಟೆತುಂಬ ಉಂಡು ಅರ್ಮಂಟೀನ್ ಗೋಡೆಗೊರಗಿ ಕುರ್ಚಿಯಲ್ಲಿ ಕೂತಿದ್ದರು. ಹುಡುಗರು ಹೊಸ ಹಾಡೊಂದನ್ನು ಹಾಕಿದರು. ಟಕ್. ಟಕ್ ಟಕ್. ಮದುಮಗಳು ಗೌನು ಎತ್ತಿಹಿಡಿದುಕೊಂಡು ಕುಣಿಯಲು ಓಡಿದಳು. ಆಮೇಲೆ ಅವರ ಸ್ವಂತ ದನಿಯೇ ಸಭಾಂಗಣದ ನಾಲ್ಕೂ ಮೂಲೆಯಿಂದ ಬಂತು, ಮೇಲೆ ಪ್ರಾಸ್‌ನ ದನಿ: ನಾನು ಕಟ್ಟುಸೀಮೆಯವನು, ನನ್ನನ್ನು ಯಾವ ನೀರು ಒಯ್ಯುತ್ತೆ. ಎಲ್ಲರ ಕಾಲೂ ಒಟ್ಟಿಗೆ ನೆಲಕ್ಕೆ ಬೀಳುತ್ತಿತ್ತು, ಆ ಬಡಿತಕ್ಕೆ ಸರಿಯಾಗಿ. ಅವರು ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಕ್ಲೋವಿಸ್ ಬಂದು ಪಕ್ಕದಲ್ಲಿ ನಿಂತರು.

"ಕೇಳಿಸ್ತಾ?"

"ಕೇಳಿಸ್ತು."

"ಕುಣೀತಿದಾರಲ್ಲ ಅಕ್ಕ."

"ಅವರಿಗೇನು ಗೊತ್ತು. ನೀನು ಬಾಯಿ ಬಿಡಬೇಡ."

ಕ್ಲೋವಿಸ್ ಬಾಯಿ ಬಿಡಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷ ಅದು ಮೂವರ ನಡುವೆಯೇ ಉಳಿಯಿತು. ಪ್ರಾಸ್‌ನನ್ನು ಅರ್ಮಂಟೀನ್ ಒಮ್ಮೆ ಮಾತ್ರ ಕೇಳಿದರು, ಯಾಕೋ ಹೀಗೆ ಮಾಡಿದೆ ಎಂದು. ಆ ಸದ್ದು ಎಲ್ಲಿ ಮರೆತುಹೋಗುತ್ತದೋ ಎಂದು ಭಯವಾಯಿತು ಎಂದ. ಅಮ್ಮನನ್ನು ಕಳೆದುಕೊಂಡು ಎರಡು ಸಲ ಮಣ್ಣು ಮಾಡಿದ ಹುಡುಗ. ಅವರು ಸುಮ್ಮನಾದರು.

ಹಾಡು ಸುಮ್ಮನಾಗಲಿಲ್ಲ. ಮೊದಲು ಪಕ್ಕದ ಊರಿನ ರೇಡಿಯೊ, ಆಮೇಲೆ ದೂರದ ನಗರಗಳು. ಈ ಕಡೆಯ ಇತರ ಹುಡುಗರೂ ತಮ್ಮ ಹಾಡುಗಳಲ್ಲಿ ಕಟ್ಟುಸೀಮೆ ಎಂದೇ ಹೇಳತೊಡಗಿದರು. ಅಲ್ಲಿಯವರೆಗೆ ಹೇಳಿಕೊಳ್ಳಲು ಒಂದು ಹೆಸರಿಲ್ಲದೆ, ನ್ಯೂ ಆರ್ಲಿಯನ್ಸ್‌ನ ಹತ್ತಿರ ಎಂದು ಗೊಣಗುತ್ತಿದ್ದ ಸೀಮೆಗೆ ತನ್ನದೇ ಹೆಸರು ಬಂತು. ಹುಡುಗರು ಬೀಗಿದರು. ಊರಿನ ಹಿರಿಯರಿಗೂ ಒಳಗೊಳಗೇ ಹಿಗ್ಗು. ಅರ್ಮಂಟೀನ್ ಮಾತ್ರ ಪ್ರತಿ ಸಲ ಅದು ಕಿವಿಗೆ ಬಿದ್ದಾಗ ಎದ್ದು ಕಿಟಕಿ ಮುಚ್ಚುತ್ತಿದ್ದರು.

"ಸತ್ತೋರಿಗೆ ಅಂತ ಇಟ್ಟಿದ್ದ ಮಾತು ಅದು. ಬದುಕಿರೋರ ಮೇಲೆ ಹಾಕಿಬಿಟ್ರು. ಹೆಣದ ಬಟ್ಟೆ ತಗೊಂಡು ಮಗೂಗೆ ಅಂಗಿ ಹೊಲಿಸಿದ ಹಾಗೆ."

ಅವರು ಗಮನಿಸುತ್ತ ಬಂದರು. ಮುಂದಿನ ಬಿರುಗಾಳಿಗಳಲ್ಲಿ ಅಕ್ಕಪಕ್ಕದ ಸೀಮೆಯ ಜನ ಗಂಟುಮೂಟೆ ಕಟ್ಟಿ ಮೇಲಿನ ನೆಲಕ್ಕೆ ಹೋದರು. ಇಲ್ಲಿಯವರು ಹೋಗಲಿಲ್ಲ. ಮನೆ ಹೋದರೆ ಡೇರೆ, ಡೇರೆ ಹೋದರೆ ಕಾರು. ಯಾಕೆ ಹೋಗುತ್ತಿಲ್ಲ ಎಂದರೆ ನಗುತ್ತ ಹಾಡಿನ ಸಾಲು ಹೇಳುತ್ತಿದ್ದರು. ಕೆಲಸ ಸಿಕ್ಕಿ ಹೊರಟವರೂ ಸೇತುವೆ ದಾಟಿ ಕೆಲವೇ ತಿಂಗಳಲ್ಲಿ ವಾಪಸು. ಕಾರು ಅಪಘಾತದಲ್ಲೋ, ಗುಂಡೇಟಿಗೋ, ಇನ್ನೇತಕ್ಕೋ ಸತ್ತ ಹುಡುಗರು ಅವರ ಕೈಗೆ ಬರುತ್ತಿದ್ದರು. ಕಾಲರು ಸರಿಮಾಡುವಾಗ ಕತ್ತಿನ ಮೇಲೆ ಹಚ್ಚೆ ಕಾಣುತ್ತಿತ್ತು, ಅವರದೇ ಮಾತು, ಅಂದವಾದ ಅಕ್ಷರದಲ್ಲಿ. "ನಾನು ಕಟ್ಟೋಕೆ ಮುಂಚೇನೇ ಕಟ್ಟಿಸ್ಕೊಂಡು ಬಂದಿರ್ತಾರೆ," ಎನ್ನುತ್ತ ಅವರು ಕೈಯಲ್ಲಿದ್ದ ಕಾಫಿಯನ್ನು ಕುಡಿಯದೆ ಕೆಳಗಿಡುತ್ತಾರೆ.

ಪ್ರಾಸ್ ಈ ನಡುವೆ ಹ್ಯೂಸ್ಟನ್‌ಗೆ ಹೋಗಿ ಮನೆ ಮಾಡಿದ್ದ. ಹಾಡಿನಿಂದ ಬಂದದ್ದು ಚೆನ್ನಾಗಿಯೇ ಬಂದಿತ್ತು. ಹೋದ ವರ್ಷ ಬಿರುಗಾಳಿಯ ಕಾಲ ಮುಗಿದ ಮೇಲೆ, ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಅರ್ಮಂಟೀನ್ ಸ್ಮಶಾನದ ಗೇಟು ತೆಗೆದರೆ, ವರ್ನಾ ಅವರ ಗೋರಿಯ ಮೇಲೆ ಒಬ್ಬ ಕೂತಿದ್ದ. ಮೊದಲಿಗೆ ಗುರುತೇ ಸಿಗಲಿಲ್ಲ. ಗಲ್ಲದ ಮೂಳೆ ಎದ್ದಿತ್ತು, ಕಣ್ಣಿನ ಸುತ್ತ ಮಸಿ ಬಳಿದಂತಿತ್ತು.

ಅವನು ಹೇಳಿದ್ದು ಇಷ್ಟು. ಮನೆಯ ಗೋಡೆಯೊಳಗೆ ಅದು ಬಡಿಯುತ್ತದೆ. ಕೊಳಾಯಿಯವರನ್ನು ಕರೆಸಿ ಗೋಡೆ ಒಡೆಸಿದ. ಕೊಳಾಯಿ ಸರಿಯಾಗಿತ್ತು. ಬೇರೆ ಮನೆಗೆ ಹೋದ. ಅದೂ ಬಂತು. ಹೋಟೆಲಿನಲ್ಲಿ ಮಲಗಿದರೆ ಮಂಚದ ಹಲಗೆಯಲ್ಲಿ. ಡಾಕ್ಟರು ಗುಳಿಗೆ ಕೊಟ್ಟರು, ನಿದ್ದೆ ಬಂತು, ನಿದ್ದೆಯೊಳಗೂ ಬಡಿಯಿತು. ಕಂಡಕಂಡಲ್ಲಿ ಹಾಡು ಕೇಳಿ ಕೇಳಿ ಹಾಗಾಗಿರಬೇಕು ಎಂದು ಅರ್ಮಂಟೀನ್ ಸಮಾಧಾನ ಹೇಳಲು ನೋಡಿದರು. ಅವನು ಅಲ್ಲವೆಂದು ತಲೆಯಾಡಿಸಿದ.

"ಹಾಡಲ್ಲಿರೋದು ಅಲ್ಲ ಮಿಸ್ ಟೀನ್. ಹಾಡಲ್ಲಿ ನಾನು ಅದನ್ನ ಮತ್ತೆ ಮತ್ತೆ ಅದೇ ಬರೋ ಹಾಗೆ ಸುತ್ತು ಹಾಕಿಸಿದೀನಿ, ಎಲ್ಲಿ ಬೀಳುತ್ತೆ ಅಂತ ನನಗೆ ಗೊತ್ತು. ಇದು ಹಾಗಲ್ಲ. ಇದು ಕಾಯುತ್ತೆ. ನಾನು ಏನಾದ್ರೂ ಹೇಳ್ತೀನೇನೋ ಅಂತ ಕಾಯ್ದು, ಆಮೇಲೆ ಬಡಿಯುತ್ತೆ."

"ಏನು ಬೇಕಂತೆ ವರ್ನಾಗೆ?" ಎಂದುಬಿಟ್ಟರು ಅರ್ಮಂಟೀನ್. ಕೇಳಿದ ಮೇಲೆ ತಾವೇ ಬೆಚ್ಚಿದರು.

"ಬಿಚ್ಚಿ ಅವಳನ್ನ," ಎಂದ ಪ್ರಾಸ್.

ವರ್ನಾ ಬದುಕಿದ್ದಾಗ ಈ ಊರನ್ನು ಬಿಡಬೇಕೆಂದಿದ್ದವರು. ಉತ್ತರಕ್ಕೆ, ಪೈನ್ ಮರಗಳ ಕೆಂಪುಮಣ್ಣಿನ ಗುಡ್ಡದಲ್ಲಿ ಅವರ ಅಕ್ಕನ ಮನೆಯಿತ್ತು. ಬಾಗಿಲ ಹಿಂದೆ ಸೂಟ್‌ಕೇಸ್ ಸದಾ ತುಂಬಿಟ್ಟಿರುತ್ತಿತ್ತು. ಈ ಗಾಳಿಗಾಲ ಮುಗಿಯಲಿ, ಹೊರಡೋಣ ಎಂದು ಪ್ರತಿ ವರ್ಷ ಮಗನಿಗೆ ಹೇಳುತ್ತಿದ್ದರು. ಹೊರಡಲಿಲ್ಲ. ಸತ್ತ ಮೇಲೆ ನೀರು ಬಂದು ಎತ್ತಿಕೊಂಡು ಹೋಯಿತು. ನಾವು ಹೋಗಿ ಹಿಡಿದು ತಂದು ಕಟ್ಟಿಹಾಕಿದೆವು ಎಂದ ಮಗ.

ಆವತ್ತು ಅರ್ಮಂಟೀನ್ ಅವನನ್ನು ಬೈದೇ ಕಳಿಸಿದರು. ಬೆಲ್ಟು ಬಿಚ್ಚಿದರೆ ಮುಂದಿನ ನೀರಿಗೆ ಎಲ್ಲಿಗೋ ಹೋಗುತ್ತಾಳೆ, ಮತ್ತೆ ಸಿಗುವುದಿಲ್ಲ, ಹೆತ್ತವಳನ್ನು ಮೊಸಳೆಗೆ ಬಿಡುತ್ತೀಯಾ ಎಂದರು. ಕಟ್ಟುವುದು ತಮಗೆ ಗೊತ್ತು, ಬಿಚ್ಚುವುದು ಗೊತ್ತಿಲ್ಲ ಎಂದೂ ಹೇಳಿದರು. ಅವನು ಎದ್ದುಹೋದ.

ಮಾರನೆಯ ಬೆಳಗ್ಗೆ ಎಂದಿನಂತೆ ಬಂದರು. ಇಳಿತದ ಹೊತ್ತು. ನೆಲದಡಿಯ ನೀರು ಕೆಳಗಿತ್ತು, ಇಡೀ ಬಯಲು ಮೌನವಾಗಿತ್ತು. ಒಂದೊಂದೇ ಗೋರಿಗೆ ಅಂಗೈ ಒತ್ತುತ್ತ ಬಂದರು. ಯಾವುದರಲ್ಲೂ ಉಸಿರಿಲ್ಲ. ವರ್ನಾ ಅವರ ಗೋರಿಗೆ ಕೈಯಿಟ್ಟರು. ಸಿಮೆಂಟಿನೊಳಗಿನಿಂದ ಅಂಗೈಗೇ ನೇರವಾಗಿ ಬಂತು. ಟಕ್. ಆಮೇಲೆ, ಸ್ವಲ್ಪ ಕಾಯ್ದು, ಟಕ್ ಟಕ್. ಅವರು ಕೈ ತೆಗೆಯಲಿಲ್ಲ.

"ಇಷ್ಟು ವರ್ಷದಲ್ಲಿ ಎಷ್ಟೋ ಜನರನ್ನ ಕಟ್ಟಿದೀನಿ," ಎನ್ನುತ್ತಾರೆ. "ಇರ್ತೀಯಾ, ಹೋಗ್ತೀಯಾ ಅಂತ ಸತ್ತೋರನ್ನ ಯಾರೂ ಕೇಳಲ್ಲ. ಅವತ್ತು ಕೇಳಿದ ಹಾಗಾಯ್ತು, ಉತ್ತರಾನೂ ಬಂದ ಹಾಗಾಯ್ತು. ಹೋಗಿ ಆ ಹುಡುಗನಿಗೆ ಫೋನ್ ಮಾಡಿದೆ. ಬಿಚ್ಚಿ ನೀರಿಗೆ ಬಿಡಲ್ಲ ಕಂದ, ಅವಳು ಎಲ್ಲಿಗೆ ಹೊರಟಿದ್ದಳೋ ಅಲ್ಲಿಗೆ ಮುಟ್ಟಿಸೋಣ ಅಂದೆ."

ಪಾದ್ರಿಯ ಒಪ್ಪಿಗೆ, ಸರಕಾರಿ ಕಚೇರಿಯ ಒಪ್ಪಿಗೆ ಎಲ್ಲ ಆಗುವ ಹೊತ್ತಿಗೆ ಚಳಿಗಾಲ ಬಂತು. ಹೊಸ ಮರದ ಪೆಟ್ಟಿಗೆಯೊಳಗೆ ಹಳೆಯದನ್ನಿಟ್ಟು ಕ್ಲೋವಿಸ್‌ರ ಪಿಕಪ್ ಗಾಡಿಗೆ ಏರಿಸಿದರು. ಅರ್ಮಂಟೀನ್ ತಾವೇ ಹತ್ತಿ ಬೆಲ್ಟು ಬಿಗಿದರು. ಗಾಡಿಯ ಬೆಲ್ಟಾದ್ದರಿಂದ ಮಾತು ಹೇಳಲಿಲ್ಲ. ದಾರಿಗೆಂದು ಅನ್ನ, ಹಂದಿಮಾಂಸ ತುಂಬಿದ ಬೂದಾನ್ ಸಾಸೇಜನ್ನು ಬಿಸಿ ಆರದಂತೆ ಕಾಗದದಲ್ಲಿ ಸುತ್ತಿ ತಂದಿದ್ದರು. ಮುಂದಿನ ಸೀಟಿನಲ್ಲಿ ಮೂವರೂ ಒತ್ತಾಗಿ ಕೂತರು, ಪ್ರಾಸ್ ಕಿಟಕಿಯ ಕಡೆ. ಊರಾಚೆಯ ಸೇತುವೆ ದಾಟುವ ಮೊದಲೇ ಅವನು ನಿದ್ದೆಹೋದ. ಬಾಯಿ ತೆರೆದು, ತಲೆ ಗಾಜಿಗೆ ಒರಗಿಸಿ, ಮಕ್ಕಳು ಮಲಗುವ ಹಾಗೆ.

ಸೇತುವೆಯ ಮೇಲೆ ಅದು ಶುರುವಾಯಿತು. ಹಿಂದಿನಿಂದ. ಟಕ್. ಟಕ್ ಟಕ್.

ಕ್ಲೋವಿಸ್ ರೇಡಿಯೊ ಆರಿಸಲು ಕೈ ಚಾಚಿದರು. ರೇಡಿಯೊ ಹಾಕಿರಲೇ ಇಲ್ಲ. ಸೇತುವೆ ಇಳಿದು ಗಾಡಿ ಬದಿಗೆ ನಿಲ್ಲಿಸಿ, ಹಿಂದೆ ಹೋಗಿ, ಬೆಲ್ಟುಗಳನ್ನು ಒಂದೊಂದಾಗಿ ಎಳೆದು ನೋಡಿದರು. ಪೆಟ್ಟಿಗೆಯನ್ನು ಭುಜ ಕೊಟ್ಟು ತಳ್ಳಿದರು. ಕೂದಲೆಳೆಯಷ್ಟೂ ಅಲುಗಲಿಲ್ಲ. ಬಂದು ಕೂತರು.

"ಬಿಗಿಯಾಗೇ ಇದೆ," ಎಂದರು.

"ನಾನು ಕಟ್ಟಿದ್ದು," ಎಂದರು ಅಕ್ಕ.

ಮತ್ತೆ ಹೊರಟರು. ಅದೂ ಬಂತು, ಮೈಲಿಗಟ್ಟಲೆ. ಕಬ್ಬಿನ ಗದ್ದೆ ಮುಗಿಯಿತು, ಹತ್ತಿಯ ಹೊಲ ಮುಗಿಯಿತು, ರಸ್ತೆ ಏರತೊಡಗಿತು. ಮಗ ಒಂದೇ ಸಮನೆ ಉಸಿರಾಡುತ್ತ ಮಲಗಿದ್ದ, ಎಷ್ಟೋ ಕಾಲದ ಬಾಕಿ ನಿದ್ದೆ. ಬೂದಾನ್ ಯಾರೂ ಮುಟ್ಟಲಿಲ್ಲ. ಪೈನ್ ಮರಗಳು ಎರಡೂ ಬದಿಗೆ ಒತ್ತಾಗಿ ಬಂದ ಮೇಲೆ ಬಡಿತದ ನಡುವಿನ ಬಿಡುವು ಉದ್ದವಾಗುತ್ತ ಬಂತು. ಗುಡ್ಡದ ಚರ್ಚಿನ ಮುಂದೆ ಗಾಡಿ ನಿಂತಾಗ ಅದು ಇರಲಿಲ್ಲ. ಎಲ್ಲಿ ನಿಂತಿತು ಎಂದು ಅಕ್ಕ ತಮ್ಮ ಇಬ್ಬರೂ ಇಂದಿಗೂ ಹೇಳಲಾರರು.

ವರ್ನಾ ಅವರ ಅಕ್ಕನ ಸಮಾಧಿಯ ಪಕ್ಕದಲ್ಲೇ ಗುಂಡಿ ಸಿದ್ಧವಾಗಿತ್ತು. ಅರ್ಮಂಟೀನ್ ಅಂಚಿಗೆ ಹೋಗಿ ಬಗ್ಗಿ ನೋಡಿದರು. ಆಳುದ್ದಕ್ಕೂ ಮಣ್ಣು, ಕೆಂಪಗೆ, ಒಣಗಿ ಪುಡಿಯಾದ ಮಣ್ಣು. ತಳದಲ್ಲಿ ಒಂದು ಹನಿ ನೀರಿಲ್ಲ. ತಮ್ಮ ಜೀವಮಾನದಲ್ಲಿ ಅವರು ಅಂಥ ಗುಂಡಿ ನೋಡಿರಲಿಲ್ಲ. ಗೋರಿಗೆಂದು ಅವರು ರೂಢಿಯಂತೆ ಹೆಗಲಿಗೆ ಹಾಕಿಕೊಂಡು ತಂದಿದ್ದ ಬೆಲ್ಟು ನೋಡಿ ಅಲ್ಲಿಯ ಗುಂಡಿ ತೋಡುವ ಮುದುಕ, ಇದ್ಯಾತಕ್ಕಮ್ಮ ಎಂದು ಕೇಳಿದ. ಹೇಳಿದರು. ಅವನು ಗುದ್ದಲಿಗೆ ಒರಗಿ ನಕ್ಕ.

"ನಮ್ಮಲ್ಲಿ ಯಾರೂ ಎಲ್ಲಿಗೂ ಹೋಗಲ್ಲಮ್ಮ. ಹೋಗೋದಾದ್ರೆ ನನಗೆ ಕೆಲಸ ಎಲ್ಲಿರ್ತಿತ್ತು."

ಪೆಟ್ಟಿಗೆ ಕೆಳಗಿಳಿಯುವ ಮೊದಲು ಅರ್ಮಂಟೀನ್ ಗಾಡಿಯ ಬೆಲ್ಟುಗಳನ್ನು ಒಂದೊಂದಾಗಿ ಕಳಚಿದರು. ಕೊನೆಯದನ್ನು ಕಳಚಿ, ಮುಚ್ಚಳದ ಮೇಲೆ ಅಂಗೈಯಿಟ್ಟರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿ ಏನೂ ತೋಚಿರಲಿಲ್ಲ. ಬಾಯಿ ತಾನಾಗಿ ಹೇಳಿತು: "ಬಿಚ್ಚಿದೀನಿ ವರ್ನಾ. ಇರಬೇಕು ಅನ್ನಿಸಿದ್ರೆ ಇರು."

ಆಗ ಪ್ರಾಸ್ ಅತ್ತ. ಇಷ್ಟು ವರ್ಷಕ್ಕೆ ಮೊದಲ ಸಲ ಅವನು ಅಳುವುದನ್ನು ಅವರು ಕಂಡರು. ಐವತ್ತರ ಹತ್ತಿರದ ಗಂಡಸು, ಮಣ್ಣಿನಲ್ಲಿ ಕೂತು, ಮುಖ ಮುಚ್ಚಿಕೊಳ್ಳದೆ.

ಈಗ ಅವನಿಗೆ ನಿದ್ದೆ ಬರುತ್ತದೆ. ಹಾಡು ಬರುವುದಿಲ್ಲ. ಸದ್ದು ಹೋದಾಗ ಜೊತೆಗೇ ಹೋಯಿತಂತೆ. ಬೀಟ್ ಹಾಕಿಕೊಂಡು ಕೂತರೆ ಎಲ್ಲ ಬರಿಯ ಎಣಿಕೆಯಾಗಿ ಕೇಳುತ್ತದೆ ಎಂದು ಫೋನಿನಲ್ಲಿ ಹೇಳಿದ. ಹೋದರೆ ಹೋಗಲಿ ಬಿಡಿ ಮಿಸ್ ಟೀನ್ ಎಂದೂ ಹೇಳಿದ. ಅವನ ಹಳೆಯ ಹಾಡು ಮಾತ್ರ ಎಲ್ಲ ಕಡೆ ಹಾಗೇ ಇದೆ. ಅದರಲ್ಲಿರುವ ಬಡಿತವನ್ನು ಬಿಚ್ಚುವುದು ತಮ್ಮ ಕೈಯಲ್ಲಿಲ್ಲ ಎಂಬುದು ಅರ್ಮಂಟೀನ್ ಅವರಿಗೆ ಗೊತ್ತು. ಆ ಹೆಸರೂ ಅಷ್ಟೇ. ಈ ಸಲದ ಬೇಸಗೆಯಲ್ಲಿ ಪಕ್ಕದ ಮನೆಯ ಹುಡುಗಿ ಶಾಲೆ ಮುಗಿಸಿ ಅಟ್ಲಾಂಟಾಕ್ಕೆ ಹೊರಟಾಗ ಮಾತ್ರ ಅವರು ಗೇಟಿನವರೆಗೂ ಹೋಗಿ, ಅವಳ ಚೀಲದ ಪಟ್ಟಿ ಸಡಿಲಿಸಿ, ಕಿವಿಯಲ್ಲಿ ಏನೋ ಹೇಳಿ ಕಳಿಸಿದರು. ಹುಡುಗಿ ಇನ್ನೂ ವಾಪಸು ಬಂದಿಲ್ಲ. ಅದನ್ನು ಹೇಳುವಾಗ ಅವರ ಮುಖ ಒಂದಿಷ್ಟು ಅರಳುತ್ತದೆ.

ಬಿಸಿಲು ಏರುತ್ತಿದೆ. ಮಂಜು ಹರಿದು ಆಚೆ ದಂಡೆ ಕಾಣುತ್ತಿದೆ. ಸಾಲಿನ ಕೊನೆಯಲ್ಲಿ ಹೆಸರಿನ ಕಲ್ಲು ತೆಗೆದ ಒಂದು ಗೋರಿಯಿದೆ. ವರ್ನಾ ಅವರು ಮಲಗಿದ್ದ ಜಾಗ. ಖಾಲಿ ಪೆಟ್ಟಿಗೆ ನಿಮಗೇ ಇರಲಿ ಎಂದು ಪ್ರಾಸ್ ಅದನ್ನು ಅರ್ಮಂಟೀನ್ ಅವರಿಗೆ ಬರೆದುಕೊಟ್ಟಿದ್ದಾನೆ. ಖಾಲಿ ಇರುವುದೇ ಎಲ್ಲಕ್ಕಿಂತ ಮೊದಲು ತೇಲುವುದು. ಅದಕ್ಕೇ ದಿನಾ ಬೆಳಗ್ಗೆ ಅವರು ತಮ್ಮ ಗೋರಿಯನ್ನೂ ಕಟ್ಟುತ್ತಾರೆ. ಕಟ, ಕಟ, ಕಟ. ತಟ್ಟಿ ನೋಡುತ್ತಾರೆ. ಏನೂ ಹೇಳದೆ ಏಳುತ್ತಾರೆ.

ಗುಡ್ಡದ ಒಣನೆಲ ನಿಮಗೂ ಆಗಬಹುದಿತ್ತಲ್ಲ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ. ಆವತ್ತು ರಾತ್ರಿ ಅಲ್ಲಿಯೇ ತಂಗಿದ್ದರಂತೆ. ಕೆಳಗೆ ನೀರಿನ ಸದ್ದಿಲ್ಲದೆ ರೆಪ್ಪೆಗೆ ರೆಪ್ಪೆ ಕೂಡಲಿಲ್ಲವಂತೆ.

"ನನ್ನನ್ನ ಇಲ್ಲೇ ಕಟ್ಟಲಿ. ಬಿಗಿಯಾಗೇ ಕಟ್ಟಲಿ," ಎನ್ನುತ್ತಾರೆ, ಬೆಲ್ಟಿನ ತುದಿಯ ಕೆಸರನ್ನು ಉಗುರಿನಿಂದ ಕೆರೆಯುತ್ತ. "ಒಂದೇ ಭಯ. ಯಾವನಾದ್ರೂ ಜಾಣ ಆ ಹಾಡು ತಂದು ಹಾಕಿಬಿಟ್ಟಾನು. ನನ್ನ ದನೀಲೇ ನನ್ನನ್ನ ಕಟ್ಟಬಾರ್ದು. ಜೀವ ಇರೋ ಬಾಯಿ ಬೇಕು. ಯಾರದ್ದಾದ್ರೂ ಆಗ್ಲಿ. ಗಟ್ಟಿಯಾಗೇನೂ ಹೇಳಬೇಕಾಗಿಲ್ಲ. ಬೆಲ್ಟು ಬಿಗಿದಾದ ಮೇಲೆ, ಒಂದು ಸಲ ಹೇಳಿದ್ರೆ ಸಾಕು."